ನಡೆಯುವ ರೋಬಾಟ್ ಕಿಟ್

ಕಾಲಿನ ಮೇಲೆ ಚಲಿಸುವ ಪುಟ್ಟ ಯಂತ್ರವೊಂದನ್ನು ಮನೆಯ ಮೇಜಿನ ಮೇಲೆಯೇ ಜೋಡಿಸಿ, ತಾನೇ ಬರೆದ ಪ್ರೋಗ್ರಾಮಿನಿಂದ ಅದನ್ನು ನಡೆಸಲು ಹವ್ಯಾಸಿಗೆ ಬೇಕಾಗುವ ಬಿಡಿಭಾಗಗಳ ಕಟ್ಟು. ಎರಡು, ನಾಲ್ಕು ಇಲ್ಲವೆ ಆರು ಕಾಲು. ಪ್ರತಿ ಕೀಲಿಗೂ ಒಂದು ಸರ್ವೊ ಮೋಟರು. ಎಲ್ಲಕ್ಕೂ ಅಪ್ಪಣೆ ಕೊಡುವ ಮೈಕ್ರೊಕಂಟ್ರೋಲರ್ ಫಲಕ. ಬ್ಯಾಟರಿ, ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ಮೈಕಟ್ಟು, ಒಂದು ಹಿಡಿ ತಿರುಪುಮೊಳೆ. ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ಬರುವುದು ಇಷ್ಟು. ನಡಿಗೆ ಮಾತ್ರ ಅದರೊಳಗೆ ಇರುವುದಿಲ್ಲ. ತಯಾರಕರು ಮಾದರಿ ಪ್ರೋಗ್ರಾಮು ಕೊಟ್ಟಿದ್ದರೂ ಅದು ಅವರ ಮೇಜಿನ ಮೇಲಿದ್ದ ರೋಬಾಟಿಗೆ ಹೊಂದಿಸಿದ್ದು. ತಿರುಪು ಬಿಗಿದ ಕೈ, ಬ್ಯಾಟರಿಯನ್ನು ಕೂರಿಸಿದ ಜಾಗ, ಮನೆಯ ನೆಲ ಇವೆಲ್ಲ ಬೇರೆಯಾದಾಗ ನಡಿಗೆಯನ್ನು ಹೊಸದಾಗಿ ಕಂಡುಕೊಳ್ಳಬೇಕಾಗುತ್ತದೆ.

ಚಕ್ರದ ರೋಬಾಟಿಗೆ ತಂತಿ ಸರಿಯಾಗಿ ಕೊಟ್ಟರೆ ಅದು ಓಡಿಯೇ ಓಡುತ್ತದೆ. ಕಾಲಿನ ರೋಬಾಟು ಮೊದಲು ಬೀಳುತ್ತದೆ. ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸಬೇಕು. ದಾಟಿಸುವ ಹೊತ್ತಿನಲ್ಲಿ ಭಾರ ಎಲ್ಲಿದೆ ಎಂಬುದೇ ಈ ಹವ್ಯಾಸದ ಮೂಲ ಪ್ರಶ್ನೆ. ಮೋಟರಿನ ಆಯ್ಕೆ, ಬ್ಯಾಟರಿಯ ಸ್ಥಾನ, ಪ್ರೋಗ್ರಾಮಿನ ಸಾಲುಗಳು ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಹಿನ್ನೆಲೆ

1878ರಲ್ಲಿ ಎರಡು ಸಂಗತಿಗಳು ಭೂಗೋಳದ ಎರಡು ಕಡೆ ನಡೆದವು. ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ರಷ್ಯದ ಗಣಿತಜ್ಞ ಪಫ್ನೂತಿ ಚೆಬಿಶೋವ್ ರಚಿಸಿದ ನಾಲ್ಕು ಕಾಲಿನ ಯಂತ್ರವೊಂದನ್ನು ಇಡಲಾಗಿತ್ತು. ತಿರುಗುವ ಅಚ್ಚಿನ ಸುತ್ತುಚಲನೆಯನ್ನು ಕಡ್ಡಿಗಳ ಜೋಡಣೆಯೊಂದು ಪಾದದ ಹೆಜ್ಜೆಯನ್ನಾಗಿ ಬದಲಿಸುತ್ತಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ನಿಲ್ಲಿಸಿ, ಓಡುವ ಕುದುರೆಯ ಕಾಲುಗಳು ಕ್ಷಣಕ್ಷಣಕ್ಕೂ ಎಲ್ಲಿರುತ್ತವೆ ಎಂದು ತೋರಿಸಿದ. ಒಬ್ಬ ಕಾಲನ್ನು ರೇಖಾಗಣಿತದಿಂದ ಕಟ್ಟಿದ, ಇನ್ನೊಬ್ಬ ಇರುವ ಕಾಲನ್ನು ನೋಡಿದ. ಇಂದಿನ ಕಿಟ್‌ಗಳನ್ನೂ ಹೀಗೆಯೇ ಎರಡು ಪಂಗಡವಾಗಿ ವಿಂಗಡಿಸಬಹುದು.

ಮೊದಲ ಪಂಗಡದಲ್ಲಿ ಹೆಜ್ಜೆಯ ಆಕಾರ ಕಡ್ಡಿಗಳ ಉದ್ದದಲ್ಲೇ ಅಡಗಿರುತ್ತದೆ. ಒಂದೇ ಮೋಟರು ತಿರುಗಿದರೆ ಸಾಕು, ಎಲ್ಲ ಕಾಲೂ ನಡೆಯುತ್ತವೆ. ಡಚ್ ಕಲಾವಿದ ಥಿಯೊ ಯಾನ್ಸೆನ್ 1990ರಿಂದ ಕಡಲ ದಂಡೆಯಲ್ಲಿ ಗಾಳಿಯ ಬಲದಿಂದ ನಡೆಸುತ್ತ ಬಂದಿರುವ ಪ್ಲಾಸ್ಟಿಕ್ ಕೊಳವೆಗಳ ದೈತ್ಯ ‘ಪ್ರಾಣಿ’ಗಳು ಇದರ ಅತ್ಯಂತ ಚೆಲುವಾದ ರೂಪ. ಅವುಗಳ ಕಾಲಿನ ಅಳತೆಗಳನ್ನು ಆತ ಹನ್ನೊಂದು ಪವಿತ್ರ ಸಂಖ್ಯೆಗಳೆಂದು ಕರೆಯುತ್ತಾನೆ. ಅಂಗೈಯಗಲದ ಅವುಗಳ ಮರಿಗಳು ಜೋಡಿಸುವ ಆಟಿಕೆಯಾಗಿ ಜಪಾನಿನಿಂದ ಬಂದಿವೆ. ನೋಡಲು ಮೋಹಕ, ಆದರೆ ಇವಕ್ಕೆ ಹೇಳಿಕೊಡುವಂಥದ್ದು ಏನೂ ಇಲ್ಲ, ಕಲಿತೇ ಹುಟ್ಟಿದವು.

ಪ್ರೋಗ್ರಾಮಿಗೆ ಒಗ್ಗುವ ಎರಡನೆಯ ಪಂಗಡಕ್ಕೆ ಪ್ರಯೋಗಾಲಯದ ಪೂರ್ವಜರಿದ್ದಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಡ್ನಿ ಬ್ರೂಕ್ಸ್ ತಂಡ ಕಟ್ಟಿದ ‘ಗೆಂಘಿಸ್’ ಎಂಬ ಆರು ಕಾಲಿನ ರೋಬಾಟಿಗೆ ಕಾಲಿಗೆರಡರಂತೆ ಹನ್ನೆರಡು ಮೋಟರು, ತೂಕ ಸುಮಾರು ಒಂದು ಕಿಲೊ. ನೆಲದ ನಕ್ಷೆಯಾಗಲಿ, ಮುಂದಿನ ಹೆಜ್ಜೆಗಳ ಯೋಜನೆಯಾಗಲಿ ಅದರೊಳಗೆ ಇರಲಿಲ್ಲ. ‘ಕಾಲು ಮುಂದಿದ್ದರೆ ಇಳಿಸು’, ‘ಒಂದು ಕಾಲು ಮುಂದೆ ಹೋದರೆ ಉಳಿದವು ಸ್ವಲ್ಪ ಹಿಂದೆ ಸರಿಯಲಿ’ ಎಂಬಂಥ 57 ಸಣ್ಣ ನಿಯಮಯಂತ್ರಗಳು ತಮ್ಮತಮ್ಮಷ್ಟಕ್ಕೆ ಕೆಲಸ ಮಾಡಿದಾಗ ನಡಿಗೆ ಮೂಡುತ್ತಿತ್ತು. ಮನೆಯಲ್ಲೂ ಇಂಥದ್ದು ಸಾಧ್ಯ ಎಂಬ ಆಸೆ ಹುಟ್ಟಿಸಿದ್ದು ಇದು.

ಆಮೇಲೆ ಜಪಾನಿನ ಸರದಿ. ಹೋಂಡಾ ಕಂಪನಿಯ ಪಿ-2 (1996) ಮತ್ತು ಅಸಿಮೊ (2000) ಎರಡು ಕಾಲಿನ ಮೇಲೆ ನಡೆದದ್ದನ್ನು, ಸೋನಿಯ ನಾಯಿಮರಿ ಐಬೊ 1999ರಲ್ಲಿ ಮನೆಗಳೊಳಗೆ ಓಡಾಡಿದ್ದನ್ನು ಜಗತ್ತು ನೋಡಿತು. 2002ರಲ್ಲಿ ಹವ್ಯಾಸಿಗಳ ಎರಡುಕಾಲಿನ ರೋಬಾಟುಗಳ ಕುಸ್ತಿ ಪಂದ್ಯ ‘ರೋಬೊ-ವನ್’ ಶುರುವಾಯಿತು. 2004ರಲ್ಲಿ ಕೊಂಡೊ ಕಂಪನಿ 17 ಸರ್ವೊಗಳ ಕೆಎಚ್‌ಆರ್-1 ಎಂಬ ಮಾನವಾಕಾರದ ಕಿಟ್ ಮಾರಾಟಕ್ಕೆ ತಂದಿತು. ಮರುವರ್ಷ ಕೊರಿಯದ ರೋಬೊಟಿಸ್ ಕಂಪನಿಯ ಬಯೊಲಾಯ್ಡ್ ಬಂತು. ಇವು ದುಬಾರಿ ಪೆಟ್ಟಿಗೆಗಳು. ಬೆಲೆ ಕೈಗೆಟುಕುವಂತಾದದ್ದು ಬೇರೆ ದಾರಿಯಿಂದ: 2005ರಲ್ಲಿ ಇಟಲಿಯ ಇವ್ರೆಯಾ ಊರಿನ ವಿನ್ಯಾಸ ಶಾಲೆಯೊಂದರಲ್ಲಿ ಹುಟ್ಟಿದ ಆರ್ಡುಯಿನೊ ಫಲಕ, ಅಗ್ಗದ ಒಂಬತ್ತು ಗ್ರಾಮಿನ ಸರ್ವೊ, ಮನೆಗೇ ಬಂದ ತ್ರೀಡಿ ಪ್ರಿಂಟರು. ಈ ಮೂರೂ ಸೇರಿದಲ್ಲಿ 2010ರ ದಶಕದಲ್ಲಿ ‘ಆಟೊ’ದಂಥ ನಾಲ್ಕೇ ಸರ್ವೊಗಳ ಪುಟಾಣಿ ಎರಡುಕಾಲಿಗಳು ಹುಟ್ಟಿದವು. ಅವುಗಳ ನಕ್ಷೆಯೂ ಪ್ರೋಗ್ರಾಮೂ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸ್ವತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಒಂದು ಸುತ್ತು ಹಾಕಿದರೆ ಇಂಥದ್ದೊಂದರ ಬಿಡಿಭಾಗಗಳನ್ನೆಲ್ಲ ಒಂದು ಚೀಲದಲ್ಲಿ ತರಬಹುದು.

ಕೀಲು ಮತ್ತು ಬಲ

ಸರ್ವೊ ಎಂದರೆ ಒಂದು ಪುಟ್ಟ ಡಬ್ಬಿಯೊಳಗಿನ ನಾಲ್ಕು ವಸ್ತು: ಡಿ.ಸಿ. ಮೋಟರು, ಅದರ ವೇಗ ಇಳಿಸಿ ಬಲ ಏರಿಸುವ ಹಲ್ಲುಚಕ್ರಗಳು, ಹೊರದಂಡ ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಶಿಯೊಮೀಟರು, ಬೇಕಾದ ಕೋನಕ್ಕೂ ಇರುವ ಕೋನಕ್ಕೂ ವ್ಯತ್ಯಾಸ ಕಳೆಯುವ ತನಕ ಮೋಟರನ್ನು ತಿರುಗಿಸುವ ಸರ್ಕಿಟ್ಟು. ರೇಡಿಯೊ ನಿಯಂತ್ರಣದ ಮಾದರಿ ವಿಮಾನಗಳಿಂದ ಬಂದ ವಸ್ತುವಾದ್ದರಿಂದ ಅದರ ಭಾಷೆಯೂ ಅಲ್ಲಿಯದೇ. ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ, ಒಂದು ವಿದ್ಯುತ್ ಮಿಡಿತ ಕಳಿಸಬೇಕು. ಮಿಡಿತದ ಅಗಲ 1.5 ಮಿಲಿಸೆಕೆಂಡಾದರೆ ದಂಡ ನಡುವಿಗೆ ಬಂದು ನಿಲ್ಲುತ್ತದೆ. 1ರ ಕಡೆಗೆ ಇಳಿದರೆ ಒಂದು ಬದಿ, 2ರ ಕಡೆಗೆ ಏರಿದರೆ ಇನ್ನೊಂದು ಬದಿ. ಅಗ್ಗದ ಸರ್ವೊಗಳ ನಿಜವಾದ ಮಿತಿ ಒಂದರಿಂದೊಂದಕ್ಕೆ ಬೇರೆಯಾಗಿರುತ್ತದೆ. ಆದ್ದರಿಂದ ಒಂದೊಂದನ್ನೂ ಮೊದಲೇ ತಿರುಗಿಸಿ ನೋಡಿ, ಅದರ ಎರಡು ತುದಿಗಳನ್ನು ಬರೆದಿಟ್ಟುಕೊಳ್ಳುವವನು ಆಮೇಲೆ ಕಡಿಮೆ ಬೈಯುತ್ತಾನೆ.

ಸರ್ವೊ ಎಷ್ಟು ಭಾರ ಎತ್ತಬಲ್ಲದು ಎಂಬುದನ್ನು ತಿರುಚುಬಲ ಹೇಳುತ್ತದೆ. ನೀಲಿ ಬಣ್ಣದ ಎಸ್‌ಜಿ-90 ಸರ್ವೊದ ಮಾಹಿತಿ ಹಾಳೆಯಲ್ಲಿ 1.8 ಕಿಲೊ-ಸೆಂಟಿಮೀಟರ್ ಎಂದಿರುತ್ತದೆ; ದಂಡದಿಂದ ಒಂದು ಸೆಂಟಿಮೀಟರು ದೂರದಲ್ಲಿ 1.8 ಕಿಲೊ ಹಿಡಿದು ನಿಲ್ಲಬಲ್ಲದು ಎಂದರ್ಥ. ಈಗ 600 ಗ್ರಾಮಿನ ನಾಲ್ಕುಕಾಲಿಯೊಂದನ್ನು ಯೋಚಿಸೋಣ. ಒಂದು ಕಾಲು ಎತ್ತಿದಾಗ ಉಳಿದ ಮೂರರ ಮೇಲೆ ತಲಾ 200 ಗ್ರಾಂ. ಪಾದವು ಕೀಲಿನಿಂದ ಅಡ್ಡಕ್ಕೆ 5 ಸೆಂಟಿಮೀಟರು ದೂರವಿದ್ದರೆ ಆ ಕೀಲಿನ ಮೇಲೆ ಬೀಳುವುದು 0.2 ಗುಣಿಸು 5, ಅಂದರೆ 1 ಕಿಲೊ-ಸೆಂಟಿಮೀಟರ್. 1.8ಕ್ಕಿಂತ ಕಡಿಮೆಯೇ ಆಯಿತಲ್ಲ ಎಂದು ಸಮಾಧಾನಪಡುವಂತಿಲ್ಲ. ಹಾಳೆಯಲ್ಲಿ ಬರೆದಿರುವುದು ಮೋಟರು ಸೋತು ನಿಲ್ಲುವ ಹಂತದ ಬಲ. ನಡೆಯುವಾಗ ಅದರ ಅರ್ಧವನ್ನಷ್ಟೇ ನಂಬಬೇಕು. ಹಾಗೆ ಲೆಕ್ಕ ಹಾಕಿದರೆ ಈ ರೋಬಾಟು ಆಗಲೇ ಬಳಲಿದೆ. ಕಾಲು ಗಿಡ್ಡ ಮಾಡಬೇಕು, ತೂಕ ಇಳಿಸಬೇಕು, ಇಲ್ಲವೆ ಲೋಹದ ಹಲ್ಲಿನ ದೊಡ್ಡ ಸರ್ವೊ ಹಾಕಬೇಕು. ಎಂಜಿ-996ಆರ್ ಎಂಬುದು 9 ಕಿಲೊ-ಸೆಂಟಿಮೀಟರಿಗೂ ಹೆಚ್ಚು ಕೊಡುತ್ತದೆ, ಆದರೆ ತಾನೇ 55 ಗ್ರಾಂ ತೂಗುತ್ತದೆ. ಹನ್ನೆರಡು ಹಾಕಿದರೆ ಮೋಟರುಗಳೇ 660 ಗ್ರಾಂ ಆದವು. ಕಾಲಿನ ಬಲ ಹೆಚ್ಚಿಸಿದರೆ ಹೊರಬೇಕಾದ ಮೈಯೂ ಹೆಚ್ಚುವ ಈ ಸುತ್ತಿನಿಂದ ತಪ್ಪಿಸಿಕೊಂಡ ಕಿಟ್ ಇಲ್ಲ.

ವಿದ್ಯುತ್ತು

ಹೊಸಬರ ರೋಬಾಟು ನಡೆಯದಿರಲು ಅತಿ ಸಾಮಾನ್ಯ ಕಾರಣ ಇಲ್ಲಿದೆ, ಅವರು ಹುಡುಕುವುದು ಪ್ರೋಗ್ರಾಮಿನಲ್ಲಿ. ರೋಬಾಟು ಒಂದು ಕಾಲು ಎತ್ತುತ್ತದೆ, ಮೈ ನಡುಗುತ್ತದೆ, ಮತ್ತೆ ಮೊದಲ ಭಂಗಿಗೆ ಹೋಗಿ ನಿಲ್ಲುತ್ತದೆ. ಮತ್ತೆ ಎತ್ತುತ್ತದೆ, ನಡುಗುತ್ತದೆ. ನಿಜವಾಗಿ ಆಗುತ್ತಿರುವುದು ಇಷ್ಟು: ಸಣ್ಣ ಸರ್ವೊ ಕೂಡ ಭಾರಕ್ಕೆ ಸಿಕ್ಕಿ ನಿಂತಾಗ ಮುಕ್ಕಾಲು ಆಂಪಿಯರಿನ ಆಸುಪಾಸು ಎಳೆಯುತ್ತದೆ. ಎಂಟು ಸರ್ವೊ ಒಟ್ಟಿಗೆ ಹೊರಟರೆ ಐದಾರು ಆಂಪಿಯರು. ಕಂಪ್ಯೂಟರಿನ ಹಳೆಯ ಮಾದರಿಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರು. ವೋಲ್ಟೇಜು ಕುಸಿಯುತ್ತದೆ, ಮೈಕ್ರೊಕಂಟ್ರೋಲರಿಗೆ ಎಚ್ಚರ ತಪ್ಪುತ್ತದೆ, ಎಚ್ಚರವಾದಾಗ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಶುರುಮಾಡುತ್ತದೆ.

ಪರಿಹಾರ ಸರಳ. ಸರ್ವೊಗಳಿಗೆ ಬೇರೆಯೇ ದಾರಿಯಿಂದ ವಿದ್ಯುತ್ತು ಕೊಡಬೇಕು, ಎರಡೂ ದಾರಿಗಳ ಋಣ ತಂತಿಯನ್ನು ಮಾತ್ರ ಒಂದೇ ಕಡೆ ಸೇರಿಸಬೇಕು. ಅದನ್ನು ಸೇರಿಸದಿದ್ದರೆ ಮಿಡಿತಕ್ಕೆ ಅರ್ಥವೇ ಇರುವುದಿಲ್ಲ, ಕಾಲುಗಳು ಮನಬಂದಂತೆ ಒದೆಯುತ್ತವೆ. ಸಾಮಾನ್ಯವಾಗಿ 18650 ಅಳತೆಯ ಎರಡು ಲಿಥಿಯಂ-ಅಯಾನ್ ಕೋಶಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಪೂರ್ತಿ ತುಂಬಿದಾಗ ಅವು 8.4 ವೋಲ್ಟು. ಸಣ್ಣ ಸರ್ವೊ ತಾಳುವುದು 6. ಆದ್ದರಿಂದ ನಡುವೆ ವೋಲ್ಟೇಜು ಇಳಿಸುವ ಬಕ್ ಕನ್ವರ್ಟರು ಇರಲೇಬೇಕು. ಲಿಥಿಯಂ ಕೋಶಕ್ಕೆ 4.2 ವೋಲ್ಟಿಗಿಂತ ಹೆಚ್ಚು ತುಂಬಿಸಬಾರದು, 3ಕ್ಕಿಂತ ಕೆಳಗೆ ಬರಿದು ಮಾಡಬಾರದು, ಉಬ್ಬಿದ್ದನ್ನು ಮತ್ತೆ ಮುಟ್ಟಬಾರದು. ಮಕ್ಕಳು ಕಟ್ಟುವ ಕಿಟ್ಟಿನಲ್ಲಿ ದೊಡ್ಡವರ ಕೈ ಬೇಕಾದ ಜಾಗ ಇದೊಂದೇ.

ಜೋಡಣೆ

ತಿರುಪು ಬಿಗಿಯುವ ಮೊದಲೇ ಎಲ್ಲ ಸರ್ವೊಗಳಿಗೂ 1.5 ಮಿಲಿಸೆಕೆಂಡಿನ ಮಿಡಿತ ಕೊಟ್ಟು ನಡುವಿಗೆ ತಂದು ನಿಲ್ಲಿಸಬೇಕು, ಆಮೇಲೆ ಕಾಲು ಸಿಕ್ಕಿಸಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ಎಲ್ಲವನ್ನೂ ಬಿಚ್ಚಿ ಎರಡನೆಯ ಸಲ ಜೋಡಿಸುತ್ತಾರೆ. ಕ್ರಮ ಸರಿಯಿದ್ದರೂ ಕಾಲು ಕರಾರುವಾಕ್ಕಾಗಿ ಕೂರುವುದಿಲ್ಲ, ಏಕೆಂದರೆ ದಂಡದ ಮೇಲೆ ಹಲ್ಲುಗಳಿವೆ. 25 ಹಲ್ಲಿನ ದಂಡದಲ್ಲಿ ಹಲ್ಲಿಗೂ ಹಲ್ಲಿಗೂ 14.4 ಡಿಗ್ರಿ ಅಂತರ. ಅಂದರೆ ಕಾಲು ಏಳು ಡಿಗ್ರಿಯ ತನಕ ಆಚೀಚೆ ಕೂರಬಹುದು. ಈ ಉಳಿದ ಓರೆಯನ್ನು ಪ್ರತಿ ಕೀಲಿಗೂ ಅಳೆದು, ಪ್ರೋಗ್ರಾಮಿನಲ್ಲಿ ತಿದ್ದುಸಂಖ್ಯೆಯಾಗಿ ಸೇರಿಸುತ್ತಾರೆ. ಬೇಸರದ ಕೆಲಸ, ನಿಜ. ನಾಲ್ಕು ಕಾಲಿಗೂ ಒಂದೊಂದು ಓರೆ ಉಳಿದ ರೋಬಾಟು ನೇರ ಹೋಗು ಎಂದರೆ ಸುತ್ತು ಹೊಡೆಯುತ್ತದೆ.

ಬ್ಯಾಟರಿಯನ್ನು ಆದಷ್ಟು ಕೆಳಗೆ, ಮೈಯ ನಡುವೆ ಇಡುವುದು ವಾಡಿಕೆ. ಪಾದಕ್ಕೆ ಹಿಡಿತ ಬೇಕು. ನಮ್ಮ ಮನೆಗಳ ರೆಡ್ ಆಕ್ಸೈಡ್ ನೆಲವಾಗಲಿ ನುಣುಪಾದ ಟೈಲ್ಸಾಗಲಿ ಪ್ಲಾಸ್ಟಿಕ್ ಪಾದಕ್ಕೆ ಜಾರುಬಂಡಿಯಿದ್ದಂತೆ. ಹಳೆಯ ಸೈಕಲ್ ಟ್ಯೂಬಿನ ಚೂರೊಂದನ್ನು ಅಂಟಿಸಿದರೆ ಅರ್ಧ ತೊಂದರೆ ನೀಗುತ್ತದೆ.

ನಡಿಗೆಯ ಕ್ರಮಗಳು

ನೆಲದ ಮೇಲಿರುವ ಪಾದಗಳನ್ನು ಗೆರೆ ಎಳೆದು ಕೂಡಿಸಿದರೆ ಒಂದು ಆಕೃತಿ ಬರುತ್ತದೆ. ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಆ ಆಕೃತಿಯೊಳಗೆ ಬಿದ್ದರೆ ರೋಬಾಟು ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ನಿಧಾನವಾಗಿ ನಡೆಯುವ ಎಲ್ಲ ಕಿಟ್‌ಗಳ ಶಾಸ್ತ್ರ ಇಷ್ಟೇ.

ಆರು ಕಾಲಿದ್ದರೆ ಬದುಕು ಸುಲಭ. ಒಂದು ಬದಿಯ ಮುಂದಿನ ಮತ್ತು ಹಿಂದಿನ ಕಾಲು, ಇನ್ನೊಂದು ಬದಿಯ ನಡುಗಾಲು ಈ ಮೂರೂ ಒಟ್ಟಿಗೆ ಎದ್ದರೆ ಉಳಿದ ಮೂರು ಮುಕ್ಕಾಲಿಪೀಠದಂತೆ ಮೈ ಹೊರುತ್ತವೆ. ಗೋಡೆಯ ಮೇಲೆ ಸಾಲು ಹಿಡಿದು ಹೋಗುವ ಇರುವೆಗಳದ್ದೂ ಇದೇ ಕ್ರಮ. ಬೀಳುವ ಭಯವಿಲ್ಲ, ಆದರೆ ಸಾಮಾನ್ಯವಾಗಿ ಕಾಲಿಗೆ ಮೂರರಂತೆ 18 ಸರ್ವೊ ಬೇಕು, ಅಷ್ಟಕ್ಕೂ ಬ್ಯಾಟರಿ ಬೇಕು.

ನಾಲ್ಕು ಕಾಲಿನದು ಹೆಚ್ಚು ನಾಜೂಕಿನ ಲೆಕ್ಕ. ಅಂಬೆಗಾಲಿನಂಥ ನಿಧಾನದ ನಡಿಗೆಯಲ್ಲಿ ಒಂದು ಸಲಕ್ಕೆ ಒಂದೇ ಕಾಲು ಏಳುತ್ತದೆ. ನಾಲ್ಕು ಕಾಲುಗಳನ್ನು ಸರದಿಯಂತೆ ಎತ್ತಲು ಆರು ಕ್ರಮಗಳಿವೆ. ಅವುಗಳಲ್ಲಿ ಯಾವುದು ಹೆಚ್ಚು ಸ್ಥಿರ ಎಂದು ಮೆಕ್‌ಗೀ ಮತ್ತು ಫ್ರ್ಯಾಂಕ್ ಎಂಬ ಅಮೆರಿಕದ ಸಂಶೋಧಕರು 1968ರಲ್ಲಿ ಗಣಿತದಿಂದ ತೋರಿಸಿದರು: ಒಂದು ಬದಿಯ ಹಿಂಗಾಲು, ಅದೇ ಬದಿಯ ಮುಂಗಾಲು, ಆಮೇಲೆ ಆಚೆ ಬದಿಯ ಹಿಂಗಾಲು, ಮುಂಗಾಲು. ಸಂಜೆ ಕೊಟ್ಟಿಗೆಗೆ ಮರಳುವ ಹಸುವಿನ ಹಿಂದೆ ಹತ್ತು ಹೆಜ್ಜೆ ನಡೆದರೆ ಇದೇ ಕ್ರಮ ಕಾಣುತ್ತದೆ. ಕಿಟ್ಟಿನಲ್ಲಿ ಇದಕ್ಕೆ ಒಂದು ಸೇರ್ಪಡೆ ಬೇಕು: ಕಾಲೆತ್ತುವ ಮುನ್ನ ಮೈಯನ್ನು ಎದುರು ಬದಿಗೆ ತುಸು ವಾಲಿಸಬೇಕು. ಹಾಗೆ ವಾಲಿಸದಿದ್ದರೆ ಗುರುತ್ವಕೇಂದ್ರ ತ್ರಿಕೋನದ ಅಂಚಿನಲ್ಲೇ ಉಳಿದು, ಎತ್ತಿದ ಕಾಲಿನ ಕಡೆಗೇ ಮೈ ಕುಸಿಯುತ್ತದೆ. ಕರ್ಣದ ಎರಡೆರಡು ಕಾಲು ಒಟ್ಟಿಗೆ ಏಳುವ ಕುದುರೆಯ ಕುಕ್ಕುಲೋಟದಲ್ಲಿ ತ್ರಿಕೋನವೇ ಇಲ್ಲ, ಬರೀ ಒಂದು ಗೆರೆ. ಬೀಳುವಷ್ಟು ಹೊತ್ತು ಸಿಗುವ ಮೊದಲೇ ಮುಂದಿನ ಜೋಡಿ ನೆಲ ಮುಟ್ಟಿರಬೇಕು.

ಎರಡು ಕಾಲಿನ ಅಗ್ಗದ ಕಿಟ್‌ಗಳು ಒಂದು ಜಾಣ ಮೋಸ ಮಾಡುತ್ತವೆ. ಮೈಗೆ ಹೋಲಿಸಿದರೆ ಪಾದ ಭಾರಿ ಅಗಲ, ಆದ್ದರಿಂದ ಒಂದೇ ಪಾದದ ಮೇಲೂ ನಿಲ್ಲಬಲ್ಲವು. ಆಟೊಗೆ ಮೊಣಕಾಲೇ ಇಲ್ಲ. ಎರಡು ಸರ್ವೊ ಪಾದಗಳನ್ನು ಓರೆ ಮಾಡಿ ಮೈಯನ್ನು ಎಡಬಲಕ್ಕೆ ತೂಗುತ್ತವೆ, ಇನ್ನೆರಡು ಸೊಂಟದಲ್ಲಿ ಕಾಲನ್ನು ತಿರುಗಿಸುತ್ತವೆ. ಮರಗಾಲು ಕಟ್ಟಿಕೊಂಡು ಕುಣಿಯುವವರನ್ನು ನೋಡಿದವರಿಗೆ ಈ ತೂಗು ಚಿರಪರಿಚಿತ.

ಪ್ರೋಗ್ರಾಮು

ಆಟೊದ ನಡಿಗೆಯ ಪ್ರೋಗ್ರಾಮು ಓದಲು ಅಚ್ಚರಿಯಾಗುವಷ್ಟು ಚಿಕ್ಕದು. ಪ್ರತಿ ಕೀಲೂ ಸೈನ್ ಅಲೆಯಂತೆ ಹಿಂದೆಮುಂದೆ ಆಡುತ್ತದೆ. ಹೇಳಬೇಕಾದದ್ದು ಆಟದ ಅಗಲ, ಅವಧಿ, ಒಂದು ಕೀಲು ಇನ್ನೊಂದಕ್ಕಿಂತ ಎಷ್ಟು ಹಿಂದುಳಿದಿರಬೇಕು ಎಂಬುದು ಮಾತ್ರ. ಸೊಂಟಕ್ಕೆ 30 ಡಿಗ್ರಿ, ಪಾದಕ್ಕೆ 20, ಎರಡರ ನಡುವೆ ಕಾಲು ಸುತ್ತಿನ, ಅಂದರೆ 90 ಡಿಗ್ರಿಯ ಅಂತರ. ಈ ಅಂತರವೇ ನಡಿಗೆಯ ಜೀವ. ಪಾದ ಗರಿಷ್ಠ ಎತ್ತಿದ ಗಳಿಗೆಯಲ್ಲಿ ಸೊಂಟ ಅತಿ ವೇಗವಾಗಿ ತಿರುಗುತ್ತಿರುತ್ತದೆ, ಹಾಗಾಗಿ ಎತ್ತಿದ ಕಾಲು ಮುಂದೆ ಹೋಗುತ್ತದೆ. ಅಂತರವನ್ನು ಸೊನ್ನೆ ಮಾಡಿದರೆ ರೋಬಾಟು ನಿಂತಲ್ಲೇ ತೂಗಾಡುತ್ತದೆ. ಚಿಹ್ನೆ ಬದಲಿಸಿದರೆ ಹಿಮ್ಮುಖವಾಗಿ ನಡೆಯುತ್ತದೆ.

ಮೊಣಕಾಲಿರುವ ರೋಬಾಟಿಗೆ ಇಷ್ಟು ಸಾಲದು. ‘ಪಾದ ಇಲ್ಲಿಗೆ ಬರಲಿ’ ಎಂದು ನಾವು ಯೋಚಿಸುತ್ತೇವೆ, ಸರ್ವೊಗೆ ಅರ್ಥವಾಗುವುದು ಕೋನ. ಪಾದದ ಸ್ಥಾನದಿಂದ ಕೀಲುಗಳ ಕೋನಗಳನ್ನು ಕಂಡುಹಿಡಿಯುವ ಲೆಕ್ಕಕ್ಕೆ ವಿಲೋಮ ಚಲನಶಾಸ್ತ್ರ ಎಂಬ ಭಾರಿ ಹೆಸರಿದ್ದರೂ ಒಳಗಿರುವುದು ತ್ರಿಕೋನದ ಕೊಸೈನ್ ಸೂತ್ರ. ತೊಡೆ 6, ಮೊಣಕಾಲ ಕೆಳಗಿನ ಭಾಗ 8 ಸೆಂಟಿಮೀಟರು. ಸೊಂಟದ ನೇರ ಕೆಳಗೆ 10 ಸೆಂಟಿಮೀಟರಿಗೆ ಪಾದ ಇರಬೇಕೆಂದುಕೊಳ್ಳಿ. ಆರು-ಎಂಟು-ಹತ್ತು ಎಂದ ಕೂಡಲೇ ಹೈಸ್ಕೂಲಿನ ಲಂಬಕೋನ ತ್ರಿಕೋನ ನೆನಪಾಗಬೇಕು: ಮೊಣಕಾಲು 90 ಡಿಗ್ರಿ, ತೊಡೆ ಲಂಬದಿಂದ ಸುಮಾರು 53 ಡಿಗ್ರಿ. ಈಗ ಮೈಯನ್ನು 2 ಸೆಂಟಿಮೀಟರು ಕುಗ್ಗಿಸಿದರೆ ಎರಡು ಕೋನವೂ ಸುಮಾರು 68 ಆಗುತ್ತವೆ. ಮೊಣಕಾಲು 22 ಡಿಗ್ರಿ ತಿರುಗುವಷ್ಟರಲ್ಲಿ ಸೊಂಟ 15 ಡಿಗ್ರಿ ತಿರುಗಿರಬೇಕು, ಅದೂ ಜೊತೆಜೊತೆಗೆ. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಪಾದ ನೆಲವನ್ನು ಕೆರೆಯುತ್ತದೆ.

ಜೊತೆಜೊತೆಗೆ ಎಂಬುದನ್ನು ಸಾಧಿಸಲು ಚಲನೆಯನ್ನು ಚೂರು ಮಾಡಬೇಕು. ಇದ್ದಕ್ಕಿದ್ದಂತೆ 30 ಡಿಗ್ರಿ ತಿರುಗು ಎಂದರೆ ಸಣ್ಣ ಸರ್ವೊ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಹಾರಿ ಹೋಗಿ ಮೈಯನ್ನೇ ಜಾಡಿಸುತ್ತದೆ. ಅದೇ ಚಲನೆಯನ್ನು ಅರ್ಧ ಸೆಕೆಂಡಿಗೆ ಹರಡಿ, 20 ಮಿಲಿಸೆಕೆಂಡಿಗೊಂದರಂತೆ 25 ತುಣುಕು ಮಾಡಿ, ಶುರುವಿಗೂ ಕೊನೆಗೂ ನಿಧಾನಿಸಿದರೆ ನಡಿಗೆಗೆ ಘನತೆ ಬರುತ್ತದೆ. ಇಲ್ಲಿ ಹೊಸಬರು ಬಳಸುವ ‘ಇಷ್ಟು ಹೊತ್ತು ಕಾಯಿ’ ಎಂಬ ಆಜ್ಞೆ ಅಡ್ಡಬರುತ್ತದೆ. ಕಾಯುವಾಗ ಆರ್ಡುಯಿನೊ ಬೇರೇನನ್ನೂ ಮಾಡುವುದಿಲ್ಲ, ಎದುರಿನ ಗೋಡೆಯನ್ನೂ ನೋಡುವುದಿಲ್ಲ. ಗಡಿಯಾರ ನೋಡಿಕೊಂಡು, ಸಮಯವಾದ ಕೀಲನ್ನಷ್ಟೇ ಮುಂದೂಡುವ ಬರವಣಿಗೆ ಕಲಿಯಬೇಕು. ಸರ್ವೊಗಳು ಹೆಚ್ಚಿದಾಗ ಮಿಡಿತ ಕಳಿಸುವ ಕೆಲಸವನ್ನು ಪಿಸಿಎ-9685 ಎಂಬ 16 ದಾರಿಗಳ ಚಿಪ್ಪಿಗೆ ವಹಿಸುತ್ತಾರೆ. ಅದು 20 ಮಿಲಿಸೆಕೆಂಡನ್ನು 4096 ಪಾಲು ಮಾಡುತ್ತದೆ. ಅದರ ಭಾಷೆಯಲ್ಲಿ ‘ನಡು’ ಎಂದರೆ 307.

ಅರಿವು

ದೂರ ಅಳೆಯುವ ಅಲ್ಟ್ರಾಸೋನಿಕ್ ಕಣ್ಣು ಬಹುತೇಕ ಕಿಟ್‌ಗಳಲ್ಲಿ ಇರುತ್ತದೆ. ಕಳಿಸಿದ ಸದ್ದು ಮರಳಲು ತೆಗೆದುಕೊಂಡ ಮೈಕ್ರೊಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರು ಸಿಗುತ್ತದೆ. ಮೈ ಎಷ್ಟು ವಾಲಿದೆ ಎಂದು ಹೇಳುವ ಎಂಪಿಯು-6050 ಸೆನ್ಸರನ್ನು ಮುಂದುವರಿದವರು ಸೇರಿಸುತ್ತಾರೆ. ವೈಫೈ, ಬ್ಲೂಟೂತ್ ಬೇಕಾದವರು ಆರ್ಡುಯಿನೊ ಬದಲು ಇಎಸ್‌ಪಿ-32 ಫಲಕಕ್ಕೆ ಹೋಗುತ್ತಾರೆ.

ನಡಿಗೆಯನ್ನು ಕೈಯಿಂದ ಬರೆಯುವ ಬದಲು ಯಂತ್ರವೇ ಕಲಿಯಲಿ ಎಂಬ ದಾರಿಯೂ ತೆರೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ‘ಸ್ಟಾಕ್’ ಎಂಬ ನಾಲ್ಕುಕಾಲಿಯನ್ನು ತಾನೇ ಕಟ್ಟಿ, ಕಂಪ್ಯೂಟರಿನೊಳಗಿನ ಅನುಕರಣೆಯಲ್ಲಿ ಕಲಿಸಿದ ನಡಿಗೆಗಳನ್ನು ಅದರ ಕಾಲಿಗೆ ಇಳಿಸಿದ ಬಗೆಯನ್ನು 2019ರಲ್ಲಿ ಪ್ರಕಟಿಸಿತು. ಅದು ಸಂಶೋಧನೆಯ ಯಂತ್ರ, ಕಿಟ್ ಅಲ್ಲ. ಆದರೂ ಹವ್ಯಾಸಿಗಳು ಈಗ ಅದೇ ದಿಕ್ಕಿಗೆ ಮುಖ ಮಾಡಿದ್ದಾರೆ.

ಇದಕ್ಕೆ ಅಡ್ಡಿಯಾಗಿರುವುದು ಅಗ್ಗದ ಸರ್ವೊದ ಮೂಕತನ. ಮೂರು ತಂತಿಗಳಲ್ಲಿ ಎರಡು ವಿದ್ಯುತ್ತಿಗೆ, ಒಂದು ಅಪ್ಪಣೆಗೆ. ಉತ್ತರ ತರುವ ತಂತಿಯೇ ಇಲ್ಲ. ಪೊಟೆನ್ಶಿಯೊಮೀಟರಿಗೆ ಗೊತ್ತಿರುವ ಕೋನ ಡಬ್ಬಿಯೊಳಗೇ ಉಳಿಯುತ್ತದೆ. ಬಯೊಲಾಯ್ಡಿನ ಡೈನಮಿಕ್ಸೆಲ್ ಎಎಕ್ಸ್-12 ಸರ್ವೊ ದುಬಾರಿಯಾದದ್ದು ಇದಕ್ಕೇ: ತನ್ನ ಕೋನ, ಮೇಲೆ ಬಿದ್ದ ಭಾರ, ಮೈಯ ಬಿಸಿ ಎಲ್ಲವನ್ನೂ ಕೇಳಿದಾಗ ಹೇಳುತ್ತದೆ. ಅಗ್ಗದ ಕಿಟ್ಟಿನ ರೋಬಾಟನ್ನು ನಡೆಯುತ್ತಿರುವಾಗಲೇ ಕೈಯಲ್ಲಿ ಎತ್ತಿದರೆ ಅದು ಗಾಳಿಯಲ್ಲೇ ಹೆಜ್ಜೆ ಹಾಕುತ್ತ ಇರುತ್ತದೆ, ಗೋಡೆಗೆ ತಾಗಿ ನಿಂತಾಗಲೂ ಅಷ್ಟೇ. ಕೆಲವರು ಪ್ರತಿ ಪಾದದ ಅಡಿಗೂ ಕಡಲೆಕಾಳಿನಷ್ಟು ಸ್ವಿಚ್ಚೊಂದನ್ನು ಕೂರಿಸಿ, ನೆಲ ತಾಕಿದ ಸುದ್ದಿಯನ್ನು ಆರ್ಡುಯಿನೊಗೆ ಮುಟ್ಟಿಸುತ್ತಾರೆ. ಆಗ ಎತ್ತಿದ ಕೂಡಲೇ ನಾಲ್ಕು ಕಾಲೂ ಸ್ತಬ್ಧವಾಗುತ್ತವೆ, ಮೇಜಿನ ಮೇಲೆ ಇಳಿಸಿದರೆ ನಿಲ್ಲಿಸಿದ ಹೆಜ್ಜೆಯಿಂದಲೇ ಮತ್ತೆ ಹೊರಡುತ್ತವೆ.